ರಾತ್ರಿ ನಿಂತುಹೋಗುವ ಗಾಳಿ: ಒಂದು ಜರ್ಬೆರಾ ಪಾಲಿಹೌಸಿಗೆ ಫ್ಯಾನ್ ಯೋಜಿಸಿದ ಪ್ರಕರಣ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹದಿಮೂರು ಗುಂಟೆಗೆ ಸ್ವಲ್ಪ ಕಡಿಮೆ ಜಾಗದಲ್ಲಿ ನಿಂತಿರುವ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಜರ್ಬೆರಾ ಹೂವಿನ ಪಾಲಿಹೌಸಿಗೆ ಗಾಳಿಯಾಡಿಸುವ ಫ್ಯಾನುಗಳನ್ನು ಯೋಜಿಸಿದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಮನೆಯವರು ನನ್ನನ್ನು ಕರೆಸಿದಾಗ ಫ್ಯಾನ್ ಬೇಕೋ ಬೇಡವೋ ಎಂಬ ಪ್ರಶ್ನೆ ಅವರ ಮುಂದಿರಲಿಲ್ಲ. ಬೇಕೆಂದು ತೀರ್ಮಾನವಾಗಿತ್ತು, ಕೊಟೇಶನ್ ಕೂಡ ಬಂದಿತ್ತು, ಅದರ ಮೇಲೆ ಮುಂಗಡ ಕೊಡುವ ಮೊದಲು ಇನ್ನೊಬ್ಬರು ಒಮ್ಮೆ ನೋಡಲಿ ಎಂಬುದಷ್ಟೇ ಅವರ ಇಚ್ಛೆಯಾಗಿತ್ತು. ಆ ಕೊಟೇಶನ್ ಹಗಲಿನ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೂವು ಕೆಡುತ್ತಿದ್ದದ್ದು ರಾತ್ರಿ. ಕೆಲಸ ಸಾಗಿದಂತೆಲ್ಲ ಈ ಒಂದು ವ್ಯತ್ಯಾಸವೇ ಫ್ಯಾನಿನ ಜಾತಿ, ಸಂಖ್ಯೆ, ಜಾಗ, ಕೊನೆಗೆ ವಿದ್ಯುತ್ ತಂತಿಯ ದಪ್ಪವನ್ನೂ ಬದಲಾಯಿಸಿತು.

ಕಟ್ಟಡದ ವಿವರ

ಇದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ, ಸಹಜ ಗಾಳಿಯನ್ನೇ ನಂಬಿದ ಪಾಲಿಹೌಸು. ಪೂರ್ವ-ಪಶ್ಚಿಮವಾಗಿ ತಲಾ 8 ಮೀಟರ್ ಅಗಲದ ಐದು ಅಂಕಣಗಳು, ಉತ್ತರ-ದಕ್ಷಿಣವಾಗಿ 32 ಮೀಟರ್ ಉದ್ದ, ಒಟ್ಟು 1,280 ಚದರ ಮೀಟರ್. ಅಂಕಣಗಳು ಸೇರುವಲ್ಲಿ ಮಳೆನೀರು ಹರಿಯುವ ಗಟರಿನ ಎತ್ತರ ನಾಲ್ಕೂವರೆ ಮೀಟರ್, ನೆತ್ತಿಯ ಎತ್ತರ ಆರೂವರೆ ಮೀಟರ್. ಪ್ರತಿ ಅಂಕಣದ ನೆತ್ತಿಯಲ್ಲಿ ಉದ್ದಕ್ಕೂ ತೆರೆದ ಒಂದು ಕಿಂಡಿಯಿದ್ದು, ಮುಂಗಾರಿನ ಪಶ್ಚಿಮದ ಗಾಳಿ ನೇರವಾಗಿ ನುಗ್ಗದಿರಲೆಂದು ಅದರ ಬಾಯಿ ಪೂರ್ವಕ್ಕಿದೆ. ಮೇಲೆ 200 ಮೈಕ್ರಾನ್ ಹಾಳೆ, ನಾಲ್ಕೂ ಬದಿಗೆ 40 ಮೆಶ್ ಕೀಟ ತಡೆಯುವ ಬಲೆ, ಬಲೆಯ ಹೊರಗೆ ಹಿಡಿಕೆ ತಿರುಗಿಸಿ ಸುತ್ತುವ ಕರ್ಟನ್ನು, ಒಳಗೆ ನಾಲ್ಕು ಮೀಟರ್ ಎತ್ತರದಲ್ಲಿ ಎಳೆಯಬಹುದಾದ ನೆರಳು ಬಲೆ. ಏರು ಮಡಿಗಳ ಮೇಲೆ ಹನಿ ನೀರಾವರಿಯ ಎರಡೆರಡು ಕೊಳವೆಗಳಿವೆ.

ಕೊಯ್ಲು ಬೆಳಿಗ್ಗೆ ಆರೂವರೆಗೆ ಶುರುವಾಗುತ್ತದೆ. ಜರ್ಬೆರಾ ಹೂವನ್ನು ಕತ್ತರಿಸುವುದಿಲ್ಲ. ದಂಟನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುಚಿ ಎಳೆಯುತ್ತಾರೆ. ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿ, ಹೂವಿಗೆ ಪ್ಲಾಸ್ಟಿಕ್ ಕಪ್ ತೊಡಿಸಿ, ಹತ್ತರ ಕಟ್ಟು ಕಟ್ಟಿ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೂ ಒಮ್ಮೊಮ್ಮೆ ಕೆ.ಆರ್. ಮಾರುಕಟ್ಟೆಗೂ ಕಳಿಸುತ್ತಾರೆ. ಇವರ ದೂರು ಹುಟ್ಟಿದ್ದು ಅಲ್ಲಿಂದಲೇ. ತೋಟದಲ್ಲಿ ಚೊಕ್ಕಟವಾಗಿದ್ದ ಹೂವು ಎರಡನೆಯ ದಿನ ಆ ಕಪ್‌ನೊಳಗೆ ಕಂದು ಚುಕ್ಕೆ ಬಿಟ್ಟುಕೊಳ್ಳುತ್ತಿತ್ತು. ಡಿಸೆಂಬರ್-ಜನವರಿಯ ಚಳಿಯಲ್ಲಿ ಹೆಚ್ಚು, ಆಗಸ್ಟಿನ ಜಡಿಮಳೆಯಲ್ಲಿ ಇನ್ನೂ ಹೆಚ್ಚು. ಬೂದು ಬೂಷ್ಟು ತರುವ ಬೊಟ್ರೈಟಿಸ್ ಶಿಲೀಂಧ್ರದ ಗುರುತೇ ಅದು. ಅದರ ಬೀಜಕಣ ಎಸಳಿನ ಮೇಲೆ ಕುಳಿತ ಮಾತ್ರಕ್ಕೆ ಏನೂ ಆಗುವುದಿಲ್ಲ, ಮೊಳೆಯಲು ಅದಕ್ಕೆ ಕೆಲವು ಗಂಟೆಗಳ ಕಾಲ ನೀರಿನ ತೆಳು ಪದರ ಬೇಕು. ಶಿಲೀಂಧ್ರನಾಶಕ ಹೊಡೆದಿದ್ದರು, ಬದಲಿಸಿಯೂ ಹೊಡೆದಿದ್ದರು. ಔಷಧಿಯ ಪಟ್ಟಿಯನ್ನು ನಾನು ಕೇಳಲಿಲ್ಲ. ನೀರಿನ ಪದರ ಯಾವ ಹೊತ್ತಿನಲ್ಲಿ ಬಂದು ಯಾವ ಹೊತ್ತಿನಲ್ಲಿ ಹೋಗುತ್ತದೆ ಎಂದು ಕೇಳಿದೆ. ಬೆಳೆಗಾರರಿಗೆ ಉತ್ತರ ಗೊತ್ತಿರಲಿಲ್ಲ. ದಿನವೂ ಹೂ ಬಿಡಿಸುವ ಅವರ ಹೆಂಡತಿಗೆ ಗೊತ್ತಿತ್ತು: "ಆರೂವರೆಗೆ ಒಳಗೆ ಕಾಲಿಟ್ಟರೆ ಸೀರೆಯ ಅಂಚು ನೆನೆಯುತ್ತೆ ಸರ್. ಒಂಬತ್ತಾದರೂ ಹೂವಿನ ನಡುವೆ ಕೈಯಿಟ್ಟರೆ ತಂಪು ಹತ್ತುತ್ತೆ."

ನಸುಕಿನಲ್ಲಿ ಕಂಡದ್ದು

ಒಂದು ರಾತ್ರಿ ಅಲ್ಲೇ ಉಳಿದು ನಸುಕಿನ ನಾಲ್ಕು ಗಂಟೆಗೆ ಒಳಗೆ ಹೋದೆ. ತೇವಾಂಶ ತೋರಿಸುವ ಅಗ್ಗದ ಡಿಜಿಟಲ್ ಮಾಪಕಗಳನ್ನು ಶೇಕಡಾ 90ರ ಮೇಲೆ ನಾನು ನಂಬುವುದಿಲ್ಲ, ಅವುಗಳ ತಪ್ಪಿನ ಅಂತರ ಅಲ್ಲಿಯೇ ನಮಗೆ ಮುಖ್ಯವಾಗುವುದರಿಂದ. ಬದಲಿಗೆ ಎರಡು ಸಾಮಾನ್ಯ ಥರ್ಮಾಮೀಟರುಗಳನ್ನು ಒಟ್ಟಿಗೆ ಕಟ್ಟಿ, ಒಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬೀಸಣಿಗೆಯಿಂದ ಗಾಳಿ ಹಾಕಿ ನೋಡಿದೆ. ಗಾಳಿ ಒಣಗಿದ್ದರೆ ಒದ್ದೆ ಬಟ್ಟೆಯದು ಕೆಳಗಿಳಿಯಬೇಕು. ಎರಡೂ ಒಂದೇ ಅಂಕಿಯಲ್ಲಿ ನಿಂತವು. ಟಾರ್ಚಿನ ಬೆಳಕು ಮೇಲಕ್ಕೆ ಬಿಟ್ಟರೆ ಹಾಳೆಯ ಒಳಮೈ ತುಂಬ ಮುತ್ತು ಪೋಣಿಸಿದಂತೆ ಹನಿ. ಗಟರಿನ ಕೆಳಗಿನ ಮಡಿಗಳಲ್ಲಿ ಎಲೆಯ ಮೇಲೆ ತಟ್ ತಟ್ ಎಂದು ಬೀಳುವ ಸದ್ದು. ಊದುಬತ್ತಿ ಹಚ್ಚಿ ಗಿಡದ ಎತ್ತರಕ್ಕೆ ಹಿಡಿದೆ. ಹೊಗೆ ಎಳೆಯಾಗಿ ನೇರ ಮೇಲೆದ್ದು, ಆಳೆತ್ತರದಲ್ಲಿ ಚಪ್ಪಟೆಯಾಗಿ ಹರಡಿ ನಿಂತಿತು. ನೆತ್ತಿಯಲ್ಲಿ ಕಿಂಡಿ ತೆರೆದಿತ್ತು ನಿಜ. ಗಿಡದ ಮಟ್ಟದ ಗಾಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಇದರ ಹಿಂದಿನ ಲೆಕ್ಕ ಸರಳ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17.3 ಗ್ರಾಂ ನೀರಾವಿಯನ್ನು ಹಿಡಿದಿಡುತ್ತದೆ, 15 ಡಿಗ್ರಿಯಲ್ಲಿ ಸುಮಾರು 12.8 ಗ್ರಾಂ. ಈ ಪಾಲಿಹೌಸಿನೊಳಗೆ ಸುಮಾರು 6,800 ಘನ ಮೀಟರ್ ಗಾಳಿಯಿದೆ. ಸಂಜೆ ಕರ್ಟನ್ ಇಳಿಸಿದ ಮೇಲೆ ತೇವ ತುಂಬಿದ ಅದೇ ಗಾಳಿ 20ರಿಂದ 15ಕ್ಕೆ ಇಳಿದರೆ ಸುಮಾರು 30 ಲೀಟರ್ ನೀರು, ಅಂದರೆ 20 ಲೀಟರಿನ ಕ್ಯಾನಿನಲ್ಲಿ ಒಂದೂವರೆ ಕ್ಯಾನು, ಎಲ್ಲಿಯಾದರೂ ಇಳಿಯಲೇಬೇಕು. ಇದಲ್ಲದೆ ರಾತ್ರಿಯಿಡೀ ಮಣ್ಣು ಹೊಸದಾಗಿ ತೇವ ಬಿಡುತ್ತಲೇ ಇರುತ್ತದೆ.

ಆ ನೀರು ಎಲೆಯ ಮೇಲೆಯೇ ಇಳಿಯುವುದೇಕೆ ಎಂಬುದನ್ನು ತಿಳಿಯದಿದ್ದರೆ ಫ್ಯಾನಿನ ಕೆಲಸವೂ ತಿಳಿಯುವುದಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಎಲೆ ಮತ್ತು ಹೂವು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಗಾಜು ಆ ಶಾಖವನ್ನು ತಡೆಯುತ್ತದೆ. ಸಾಧಾರಣ ಪಾಲಿಥೀನ್ ಹಾಳೆ ಬಹುಪಾಲು ಬಿಟ್ಟುಬಿಡುತ್ತದೆ. ಗಾಳಿ ನಿಂತಿದ್ದರೆ ಎಲೆ ತನ್ನ ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. 16 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇಕಡಾ 90 ಇದ್ದರೆ ಇಬ್ಬನಿ ಕಟ್ಟಲು ಎಲೆ ಗಾಳಿಗಿಂತ ಸುಮಾರು 1.6 ಡಿಗ್ರಿ ತಣ್ಣಗಾಗಬೇಕು. ಶೇಕಡಾ 95 ಇದ್ದರೆ 0.8 ಡಿಗ್ರಿ ಸಾಕು. ನಿಧಾನವಾಗಿ ಚಲಿಸುವ ಗಾಳಿ ಎಲೆಯನ್ನು ಮತ್ತೆ ಗಾಳಿಯ ಉಷ್ಣಾಂಶದ ಹತ್ತಿರಕ್ಕೆ ತರುತ್ತದೆ, ಮೇಲಿನ ಮತ್ತು ಕೆಳಗಿನ ಗಾಳಿಯನ್ನು ಕಲೆಸುತ್ತದೆ. ಗಾಳಿಯನ್ನು ಒಣಗಿಸುವ ಶಕ್ತಿ ಅದಕ್ಕಿಲ್ಲ. ಮನೆಯವರಿಗೆ ಈ ಮಾತನ್ನು ನಾನು ಮೂರು ಬಾರಿ ಹೇಳಿದೆ, ಏಕೆಂದರೆ ಫ್ಯಾನ್ ಹಾಕಿದ ಮೇಲೂ ಹೊರಗೆ ಮಂಜು ಮುಚ್ಚಿದ ರಾತ್ರಿಯಲ್ಲಿ ಹೂವು ನೆನೆದರೆ ಯೋಜನೆ ಕೆಟ್ಟಿತೆಂದು ಅವರಿಗೆ ಅನ್ನಿಸಬಾರದಿತ್ತು.

ಇನ್ನೊಂದು ಸುಳಿವು ಅವರ ಮನೆಯಲ್ಲೇ ಇತ್ತು. ಹಿಂದಿನ ಚಳಿಗಾಲದಲ್ಲಿ ಬೇಸತ್ತು ನಡುಮನೆಯ ಸ್ಟ್ಯಾಂಡ್ ಫ್ಯಾನನ್ನೇ ತಂದು ಒಂದು ಮೂಲೆಯಲ್ಲಿ ರಾತ್ರಿಯಿಡೀ ಓಡಿಸಿದ್ದರಂತೆ. ಬೆಳಿಗ್ಗೆ ನೋಡಿದರೆ ಫ್ಯಾನಿನ ಮುಂದೆ ಏಳೆಂಟು ಮೀಟರ್ ಉದ್ದಕ್ಕೆ ಮೊರದ ಆಕಾರದಲ್ಲಿ ಒಣಗಿದ ಜಾಗ, ಅದರ ಆಚೆಗೆ ಎಂದಿನಂತೆ ಇಬ್ಬನಿ. ಎರಡನೆಯ ವಾರ ಫ್ಯಾನ್ ಸುಟ್ಟುಹೋಯಿತು. ಅದರ ಮೋಟರು ಮನೆಯೊಳಗಿನ ಒಣ ಗಾಳಿಗಾಗಿ ಮಾಡಿದ್ದು. ಹಾಗಿದ್ದರೂ ಆ ಒಣಗಿದ ಮೊರ ನನಗೆ ಅರ್ಧ ಉತ್ತರವನ್ನು ಕೊಟ್ಟಿತು.

ಕೊಟೇಶನ್ನಿನ ತೊಂದರೆ

ಬಂದಿದ್ದ ಕೊಟೇಶನ್ನಿನಲ್ಲಿ ದಕ್ಷಿಣದ ಗೋಡೆಗೆ 50 ಇಂಚಿನ ಮೂರು ಎಕ್ಸಾಸ್ಟ್ ಫ್ಯಾನುಗಳಿದ್ದವು, ತಲಾ ಒಂದೂವರೆ ಎಚ್‌ಪಿ, ತ್ರೀ ಫೇಸ್. ಫ್ಯಾನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಟ್ಟಡ ಬೇರೆ, ಕೆಲಸ ಬೇರೆ. ಎದುರು ಗೋಡೆಯ ಒದ್ದೆ ಪ್ಯಾಡಿನ ಮೂಲಕ ಎಕ್ಸಾಸ್ಟ್ ಫ್ಯಾನಿನಿಂದ ಗಾಳಿ ಎಳೆದು ತಂಪುಮಾಡುವ ಪದ್ಧತಿಗೆ ಸುತ್ತಲೂ ಮುಚ್ಚಿದ ಕಟ್ಟಡ ಬೇಕು, ಒಳಗಿನ ಗಾಳಿ ನಿಮಿಷಕ್ಕೆ ಹೆಚ್ಚುಕಡಿಮೆ ಒಮ್ಮೆ ಪೂರ್ತಿ ಬದಲಾಗಬೇಕು. ಇಂಥ ಒಂದು ಫ್ಯಾನು ಗಂಟೆಗೆ ಸುಮಾರು 40,000 ಘನ ಮೀಟರ್ ಎಳೆದರೆ ನಿಮಿಷಕ್ಕೆ 670 ಆಗುತ್ತದೆ. 6,800 ಘನ ಮೀಟರಿಗೆ ಹತ್ತು ಫ್ಯಾನ್ ಬೇಕು, ಇಲ್ಲಿ ಬರೆದದ್ದು ಮೂರು. ಅದಕ್ಕಿಂತ ದೊಡ್ಡ ತಪ್ಪು ನೆತ್ತಿಯ ಕಿಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ತಲೆಯ ಮೇಲೆಯೇ ಬಾಯಿ ತೆರೆದಿರುವಾಗ ಎಕ್ಸಾಸ್ಟ್ ಫ್ಯಾನು ಮೂವತ್ತು ಮೀಟರ್ ದೂರದ ಉತ್ತರದ ಬದಿಯಿಂದ ಗಾಳಿಯನ್ನು ಏಕೆ ಎಳೆಯುತ್ತದೆ? ಹತ್ತಿರದ ಕಿಂಡಿಯಿಂದ ಇಳಿದ ಗಾಳಿಯನ್ನೇ ಹೊರಗೆ ದೂಡುತ್ತ ಕೂರುತ್ತದೆ.

ಮೂರನೆಯ ತೊಂದರೆ ಕಂಬದಲ್ಲಿತ್ತು. ಈ ಹಳ್ಳಿಯ ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ದಿನಕ್ಕೆ ಏಳು ಗಂಟೆ. ಉಳಿದ ರಾತ್ರಿ ಮನೆಯ ದೀಪಕ್ಕೆ ಸಾಕಾಗುವ ಸಿಂಗಲ್ ಫೇಸ್. ಫ್ಯಾನ್ ಬೇಕಾದದ್ದು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ. ಕೊಟೇಶನ್ ಬರೆದವರು ಒಂದು ರಾತ್ರಿ ಆ ಊರಿನಲ್ಲಿ ಇದ್ದಿದ್ದರೆ ಆ ಕಾಗದ ಬರೆಯುತ್ತಿರಲಿಲ್ಲ.

ಫ್ಯಾನಿಗೆ ಮೊದಲು ಮಾಡಿದ್ದು

ಯಂತ್ರ ಕೊಳ್ಳುವ ಮೊದಲು ಖರ್ಚಿಲ್ಲದ ಎರಡು ಬದಲಾವಣೆ ಮಾಡಿಸಿದೆ. ಕೂಲಿಯವರು ಹೊರಡುವ ಮುನ್ನ, ಸಂಜೆ ನಾಲ್ಕೂವರೆಗೆ, ಹನಿ ನೀರು ಬಿಡುವುದು ವಾಡಿಕೆಯಾಗಿತ್ತು. ಅದನ್ನು ಬೆಳಗಿನ ಎಂಟರಿಂದ ಹನ್ನೊಂದರೊಳಗೆ ಮುಗಿಸುವಂತೆ ಹೇಳಿದೆ. ಸಂಜೆ ಐದಕ್ಕೇ ಚಳಿಯಾದೀತೆಂದು ಕರ್ಟನ್ ಪೂರ್ತಿ ಇಳಿಸುತ್ತಿದ್ದರು. ಸೂರ್ಯ ಮುಳುಗುವವರೆಗೂ ತೆರೆದಿಟ್ಟು, ಹಗಲಿನ ತೇವದ ಗಾಳಿ ಹೊರಗಿನ ಒಣ ಗಾಳಿಯೊಂದಿಗೆ ಬದಲಾದ ಮೇಲೆ ಮುಚ್ಚಿ, ಆಮೇಲೂ ಮೇಲಂಚಿನಲ್ಲಿ ಒಂದು ಅಡಿ ಸಂದು ಬಿಡಬೇಕೆಂದು ತಿಳಿಸಿದೆ. ಚಳಿ ತಾಗಿದರೆ ಜರ್ಬೆರಾ ದಂಟು ಗಿಡ್ಡವಾಗುತ್ತದೆಯೆಂಬ ಭಯದಿಂದ ಮನೆಯ ಹಿರಿಯರು ಈ ಸಂದನ್ನು ಮೊದಲು ಒಪ್ಪಲಿಲ್ಲ. ಒಂದು ಬದಿಯಲ್ಲಿ ಮಾತ್ರ ಮಾಡಿ ನೋಡೋಣವೆಂದು ಒಪ್ಪಿಸಿದೆವು. ಎರಡು ವಾರದಲ್ಲಿ ಹಾಳೆಯಿಂದ ತೊಟ್ಟಿಕ್ಕುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಆದರೆ ಗಾಳಿಯಿಲ್ಲದ ರಾತ್ರಿಗಳಲ್ಲಿ ಎಲೆಯ ಇಬ್ಬನಿ ನಿಲ್ಲಲಿಲ್ಲ. ಅಷ್ಟಕ್ಕೆ ಮಾತ್ರ ಫ್ಯಾನ್ ಬೇಕೆಂದು ಆಗ ಸ್ಪಷ್ಟವಾಯಿತು.

ಎಷ್ಟು ಫ್ಯಾನು

ಗಾಳಿಯನ್ನು ಹೊರಗೆ ಹಾಕದೆ ಒಳಗೇ ಅಡ್ಡಡ್ಡವಾಗಿ ಸುತ್ತಿಸುವ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೇ ಕೋತ್ಸ್. ಚಳಿದೇಶದಲ್ಲಿ, ಬಿಸಿ ಹಾಕಿ ಮುಚ್ಚಿಟ್ಟ ಹಸಿರುಮನೆಗಳಿಗಾಗಿ ಹುಟ್ಟಿದ ವಿಧಾನವದು. ಅದರ ಬೆನ್ನಿಗೆ ಬಂದ ಅಂದಾಜು ಸೂತ್ರ ಹೀಗಿದೆ: ನೆಲದ ಪ್ರತಿ ಚದರ ಅಡಿಗೆ ಎಲ್ಲ ಫ್ಯಾನುಗಳೂ ಸೇರಿ ನಿಮಿಷಕ್ಕೆ ಎರಡು ಘನ ಅಡಿ ಗಾಳಿ ನೂಕಬೇಕು, ಗಿಡದ ಮಟ್ಟದಲ್ಲಿ ವೇಗ ಸೆಕೆಂಡಿಗೆ ಕಾಲಿನಿಂದ ಅರ್ಧ ಮೀಟರ್ ಇರಬೇಕು, ಒಂದು ಫ್ಯಾನಿನಿಂದ ಮುಂದಿನದಕ್ಕೆ ಅದರ ವ್ಯಾಸದ ಮೂವತ್ತು ಪಟ್ಟಿಗಿಂತ ಹೆಚ್ಚು ದೂರ ಇರಬಾರದು. ಸೆಕೆಂಡಿಗೆ ಒಂದು ಮೀಟರ್ ಮೀರಿದರೆ ಗಿಡಕ್ಕೆ ಲಾಭಕ್ಕಿಂತ ತ್ರಾಸವೇ ಹೆಚ್ಚು. ಸದಾ ತೆರೆದ ಕಿಂಡಿಯಿರುವ ನಮ್ಮ ಕಟ್ಟಡಕ್ಕೆ ಈ ಸೂತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯಲ್ಲ. ಆದರೂ ಲೆಕ್ಕ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

1,280 ಚದರ ಮೀಟರ್ ಅಂದರೆ 13,778 ಚದರ ಅಡಿ. ಎರಡರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 27,500 ಘನ ಅಡಿ. ನಾವು ಆರಿಸಿದ 18 ಇಂಚಿನ, ಸುತ್ತ ಬಳೆಯಿರುವ ಸಿಂಗಲ್ ಫೇಸ್ ಫ್ಯಾನಿನ ಪಟ್ಟಿಯಲ್ಲಿ ನಿಮಿಷಕ್ಕೆ 2,400 ಘನ ಅಡಿ ಎಂದಿತ್ತು. ಭಾಗಿಸಿದರೆ ಹನ್ನೊಂದೂವರೆ, ಅಂದರೆ ಹನ್ನೆರಡು. ಬಳೆಯ ಮಾತನ್ನು ವಿಶೇಷವಾಗಿ ಹೇಳಬೇಕು. ಬಳೆಯಿಲ್ಲದ ಬರೀ ಜಾಲರಿಯ ಫ್ಯಾನು ಗಾಳಿಯನ್ನು ಸುತ್ತಲೂ ಚೆಲ್ಲುತ್ತದೆ, ದೂರಕ್ಕೆ ಎಸೆಯುವುದಿಲ್ಲ. ಸ್ಟ್ಯಾಂಡ್ ಫ್ಯಾನಿನ ಒಣ ಮೊರ ಎಂಟು ಮೀಟರಿಗೇ ಮುಗಿದದ್ದಕ್ಕೆ ಅದೂ ಒಂದು ಕಾರಣ. ಮೋಟರಿಗೆ ನೀರು-ದೂಳು ತಡೆಯುವ ಐಪಿ 55 ದರ್ಜೆ ಬೇಕೆಂಬುದನ್ನು ಸುಟ್ಟುಹೋದ ಫ್ಯಾನು ಮೊದಲೇ ಕಲಿಸಿತ್ತು.

ಐದು ಅಂಕಣದ ತೊಡಕು

ಹನ್ನೆರಡು ಫ್ಯಾನನ್ನು ಎಲ್ಲಿ ಕಟ್ಟುವುದು ಎಂಬಲ್ಲಿ ಅತಿ ಹೆಚ್ಚು ಹೊತ್ತು ಕಳೆಯಿತು. ಈ ಪದ್ಧತಿಯ ಜೀವ ಇರುವುದೇ ಸುತ್ತಿನಲ್ಲಿ. ಒಂದು ಅಂಕಣದಲ್ಲಿ ಗಾಳಿ ಉತ್ತರಕ್ಕೆ ಹೋದರೆ ಪಕ್ಕದ ಅಂಕಣದಲ್ಲಿ ದಕ್ಷಿಣಕ್ಕೆ ಮರಳಬೇಕು. ಆಲೆಮನೆಯ ಎತ್ತಿನಂತೆ ಒಮ್ಮೆ ಸುತ್ತು ಹಿಡಿದ ಮೇಲೆ ಅದನ್ನು ನಡೆಸಿಕೊಂಡು ಹೋಗಲು ಸಣ್ಣ ಸಣ್ಣ ತಳ್ಳು ಸಾಕು. ನಾಲ್ಕು ಅಂಕಣವಿದ್ದರೆ ಎರಡು ಜೋಡಿ, ಆರಿದ್ದರೆ ಮೂರು. ಇಲ್ಲಿ ಐದು. ಒಂದಕ್ಕೆ ಜೊತೆಯಿಲ್ಲ.

ಮೊದಲು ಬರೆದ ನಕ್ಷೆಯಲ್ಲಿ ಐದನೆಯ ಅಂಕಣವನ್ನು ಒಂಟಿಯಾಗಿ ಬಿಟ್ಟು, ಅದರೊಳಗೇ ಎರಡು ಸಾಲು ಸಣ್ಣ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟಿದ್ದೆ. ಎರಡು ಅಳತೆಯ ಫ್ಯಾನು, ಎರಡು ಬಗೆಯ ಬಿಡಿಭಾಗ, ಎಂಟು ಮೀಟರ್ ಅಗಲದಲ್ಲಿ ಎದುರಾಬದುರಾ ಗಾಳಿ: ಕಾಗದದ ಮೇಲೆಯೇ ಕಸಿವಿಸಿಯಾಯಿತು. ಎರಡನೆಯ ನಕ್ಷೆಯಲ್ಲಿ ಐದೂ ಅಂಕಣಕ್ಕೆ ಸಮನಾಗಿ ಹಂಚಲು ಹೋದೆ. ಹನ್ನೆರಡು ಐದರಿಂದ ಭಾಗವಾಗುವುದಿಲ್ಲ, ತಲಾ ಮೂರು ಹಾಕಿ ಹದಿನೈದು ಮಾಡಿದರೆ ಉತ್ತರಕ್ಕೆ ಒಂಬತ್ತು ಫ್ಯಾನಿನ ತಳ್ಳು, ದಕ್ಷಿಣಕ್ಕೆ ಆರರದು. ಮೂರು ಅಂಕಣ ತುಂಬಿ ಹೋದ ಗಾಳಿ ಎರಡರಲ್ಲಿ ಮರಳಬೇಕಾದಾಗ, ಹೆಚ್ಚು ತಳ್ಳು ಬೇಕಾದದ್ದು ಆ ಎರಡಕ್ಕೆ. ನಾನು ಹೆಚ್ಚು ಕೊಟ್ಟದ್ದು ಮೂರಕ್ಕೆ.

ಅಲ್ಲಿಂದ ಮೂರನೆಯ ನಕ್ಷೆ ತಾನಾಗಿಯೇ ಬಂತು. ಪಶ್ಚಿಮದಿಂದ ಎಣಿಸಿ ಒಂದು, ಮೂರು, ಐದನೆಯ ಅಂಕಣಗಳಲ್ಲಿ ಗಾಳಿ ಉತ್ತರಕ್ಕೆ, ಪ್ರತಿಯೊಂದರಲ್ಲಿ ಎರಡು ಫ್ಯಾನು; ಎರಡು ಮತ್ತು ನಾಲ್ಕನೆಯದರಲ್ಲಿ ದಕ್ಷಿಣಕ್ಕೆ, ಪ್ರತಿಯೊಂದರಲ್ಲಿ ಮೂರು. ಆ ಕಡೆಗೆ ಆರು, ಈ ಕಡೆಗೆ ಆರು. ಹೋಗುವ ಗಾಳಿ ಮತ್ತು ಬರುವ ಗಾಳಿಯ ಪ್ರಮಾಣ ಒಂದೇ ಆಗಿರಬೇಕಾದ್ದರಿಂದ ಮರಳುವ ಎರಡು ಅಂಕಣಗಳಲ್ಲಿ ವೇಗ ಒಂದೂವರೆ ಪಟ್ಟು ಇರುತ್ತದೆ. ಹೋಗುವಾಗ ಸೆಕೆಂಡಿಗೆ 0.3 ಮೀಟರ್ ಇದ್ದರೆ ಬರುವಾಗ 0.45, ಎರಡೂ ಮಿತಿಯೊಳಗೇ. ಜೋಡಿಯಿಲ್ಲದ ಅಂಕಣದ ಸಮಸ್ಯೆ ಹೀಗೆ ಅಳತೆ ಬದಲಿಸದೆಯೇ ತೀರಿತು. ಒಪ್ಪಿಕೊಳ್ಳಬೇಕಾದ ಮಾತೆಂದರೆ ಮಧ್ಯದ ಮೂರನೆಯ ಅಂಕಣದ ಗಾಳಿ ಎಡಕ್ಕೋ ಬಲಕ್ಕೋ ಎಷ್ಟೆಷ್ಟು ಒಡೆಯುತ್ತದೆಂಬುದು ಕಾಗದದ ಮೇಲೆ ತಿಳಿಯುವುದಲ್ಲ. ಅದನ್ನು ಹೊಗೆಯಿಂದಲೇ ನೋಡಬೇಕಿತ್ತು.

ಕಟ್ಟುವ ಜಾಗವನ್ನು ನಿರ್ಧರಿಸಿದ್ದು ಟ್ರಸ್, ಅಂದರೆ ಛಾವಣಿ ಹೊರುವ ಚೌಕಟ್ಟು. ಟ್ರಸ್ಸುಗಳು ನಾಲ್ಕು ಮೀಟರಿಗೊಂದರಂತೆ ಇರುವುದರಿಂದ ಫ್ಯಾನು ಅವುಗಳ ಕೆಳಗೇ ಬರಬೇಕು. ಉತ್ತರಮುಖದ ಅಂಕಣಗಳಲ್ಲಿ ದಕ್ಷಿಣದ ಗೋಡೆಯಿಂದ 4 ಮತ್ತು 16 ಮೀಟರಿನಲ್ಲಿ. ದಕ್ಷಿಣಮುಖದವುಗಳಲ್ಲಿ ಉತ್ತರದ ಗೋಡೆಯಿಂದ 4, 12 ಮತ್ತು 20 ಮೀಟರಿನಲ್ಲಿ. 18 ಇಂಚಿನ ಮೂವತ್ತು ಪಟ್ಟು ಸುಮಾರು 13.7 ಮೀಟರ್, ಎಲ್ಲ ಅಂತರಗಳೂ ಅದರೊಳಗಿವೆ. ಎರಡನೆಯ ಫ್ಯಾನಿನಿಂದ ಉತ್ತರದ ಗೋಡೆಗೆ ಉಳಿಯುವ 16 ಮೀಟರ್ ಮಾತ್ರ ಹೆಚ್ಚು, ಆದರೆ ಆ ಕೊನೆಯಲ್ಲಿ ಪಕ್ಕದ ಅಂಕಣದ ಮೊದಲ ಫ್ಯಾನು ಗಾಳಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೊದಲ ಫ್ಯಾನನ್ನು ಗೋಡೆಗೆ ಅಂಟಿಸಿದಂತೆ ಕಟ್ಟದೆ ನಾಲ್ಕು ಮೀಟರ್ ಬಿಟ್ಟದ್ದು ಇದಕ್ಕೇ, ಮೂಲೆ ತಿರುಗಿ ಬರುವ ಗಾಳಿ ಅದರ ಬೆನ್ನಿಗೆ ಸಿಗಲಿ ಎಂದು.

ಎತ್ತರದಲ್ಲಿ ಹೆಚ್ಚು ಚರ್ಚೆಯಿರಲಿಲ್ಲ. ಜರ್ಬೆರಾ ಹೂವು ಮೊಣಕಾಲಿನ ಮಟ್ಟದ್ದು. ಗಿಡಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, ಆದರೆ ಕೆಳಗೆ ಹೆಂಗಸರು ಬಕೆಟ್ ಹೊತ್ತು ಓಡಾಡುತ್ತಾರೆ. ಬಳೆಯ ಕೆಳಂಚು ಏಳೂವರೆ ಅಡಿಗೆ ಬರುವಂತೆ, ಮೂತಿ ಅಷ್ಟೇ ಅಷ್ಟು ಕೆಳಮುಖವಾಗಿರುವಂತೆ, ಎರಡೂ ಬದಿಗೆ ಜಾಲರಿಯೊಂದಿಗೆ, ಜಿಐ ಪೈಪಿನ ಅಡ್ಡಪಟ್ಟಿಯಿಂದ ಕಟ್ಟಿಸಿದೆ. ಸರಪಣಿಯಲ್ಲಿ ತೂಗುಬಿಟ್ಟರೆ ಅಗ್ಗವಾಗುತ್ತಿತ್ತು, ಆದರೆ ತೂಗುವ ಫ್ಯಾನು ಹಿಂದಕ್ಕೆ ಒದೆದು ಮೂತಿಯನ್ನು ಮೇಲಕ್ಕೆತ್ತುತ್ತದೆ.

ತಂತಿಯ ದಪ್ಪ

ತಲಾ 180 ವ್ಯಾಟಿನಂತೆ ಹನ್ನೆರಡು ಫ್ಯಾನಿಗೆ 2.16 ಕಿಲೋವ್ಯಾಟ್, ಸುಮಾರು 11 ಆಂಪಿಯರ್. ಮೀಟರು ಇದ್ದದ್ದು 120 ಮೀಟರ್ ದೂರದ ಪಂಪ್ ಮನೆಯಲ್ಲಿ. ಹೋಗಿ ಬರುವ ತಂತಿ ಸೇರಿ 240 ಮೀಟರ್. ಊರಿನ ಎಲೆಕ್ಟ್ರಿಷಿಯನ್ ತನ್ನ ಬಳಿಯಿದ್ದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಯಿತೆಂದ. ಬಿಸಿಯಾಗುವ ದೃಷ್ಟಿಯಿಂದ ಅವನ ಮಾತು ತಪ್ಪಲ್ಲ. ಆದರೆ ಆ ಉದ್ದಕ್ಕೆ ಅದರಲ್ಲಿ ಸುಮಾರು 20 ವೋಲ್ಟ್ ಕರಗುತ್ತದೆ. ನಡುರಾತ್ರಿ ಪಂಪ್ ಮನೆಯಲ್ಲಿ ಅಳೆದಾಗ ಸಿಕ್ಕಿದ್ದೇ 195. ಫ್ಯಾನಿಗೆ 175 ಮುಟ್ಟಿದರೆ ಮೋಟರು ಬಿಸಿಯಾಗಿ ನರಳುತ್ತದೆ. 16 ಚದರ ಮಿಲಿಮೀಟರಿನ ಅಲ್ಯುಮಿನಿಯಂ ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್ಲನ್ನು ನೆಲದೊಳಗೆ ಹೂತರೆ ನಷ್ಟ ಐದು ವೋಲ್ಟಿಗೆ ಇಳಿಯುತ್ತದೆ. ಅದನ್ನೇ ಹಾಕಿಸಿದೆವು. ಪಂಪಿನ ಸಂಪರ್ಕವಿರುವುದು ಪಂಪಿಗೆ ಮಾತ್ರ. ಫ್ಯಾನಿಗೆ ಬೇರೆ ಮೀಟರಿನ ಸಂಪರ್ಕ ಪಡೆದರು, ಅದರ ಕಾಗದಪತ್ರಕ್ಕೆ ಫ್ಯಾನ್ ಬಂದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಹನ್ನೆರಡೂ ಮೋಟರು ಒಟ್ಟಿಗೆ ಶುರುವಾದರೆ ಕ್ಷಣಮಾತ್ರ ಐದಾರು ಪಟ್ಟು ಕರೆಂಟು ಎಳೆದು ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ಬೀಳುತ್ತದೆ. ಆದ್ದರಿಂದ ಮೂರು ಮೂರರ ನಾಲ್ಕು ಗುಂಪು ಮಾಡಿ, ಗುಂಪಿನಿಂದ ಗುಂಪಿಗೆ ಹತ್ತು ಸೆಕೆಂಡ್ ತಡವಾಗಿ ಹೊತ್ತಿಕೊಳ್ಳುವಂತೆ ಟೈಮರ್ ಇಡಿಸಿದೆ. ತೇವಾಂಶ ನೋಡಿ ತಾನೇ ಆನ್ ಆಗುವ ಸ್ವಿಚ್ಚು ಬೇಡವೆಂದೆ. ಮೊದಲೇ ಹೇಳಿದಂತೆ ಅಗ್ಗದ ಸೆನ್ಸರು ನೂರರ ಹತ್ತಿರ ಸುಳ್ಳು ಹೇಳುತ್ತದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ, ಹನ್ನೊಂದು ಗಂಟೆಗೆ ಸುಮಾರು 24 ಯೂನಿಟ್. ಆರಕ್ಕೇ ನಿಲ್ಲಿಸಿ ಯೂನಿಟ್ ಉಳಿಸಬಹುದಲ್ಲ ಎಂದು ಬೆಳೆಗಾರರು ಕೇಳಿದರು. ಬಿಸಿಲು ಬಿದ್ದ ಮೊದಲ ಗಂಟೆಯೇ ಅಪಾಯದ್ದು: ಗಾಳಿ ಬೇಗ ಬಿಸಿಯಾಗುತ್ತದೆ, ಎಲೆ ಆವಿ ಬಿಡತೊಡಗುತ್ತದೆ, ದಪ್ಪ ಮೊಗ್ಗು ಮತ್ತು ಹೂವಿನ ನಡುಭಾಗ ಇನ್ನೂ ತಣ್ಣಗೇ ಇದ್ದು ಆ ಆವಿಯನ್ನು ತಮ್ಮ ಮೇಲೆ ಇಳಿಸಿಕೊಳ್ಳುತ್ತವೆ. ಒಂಬತ್ತಾದರೂ ಹೂವಿನ ನಡುವೆ ಕೈಗೆ ಹತ್ತುವ ತಂಪೆಂದು ಅವರ ಹೆಂಡತಿ ಹೇಳಿದ್ದು ಇದನ್ನೇ.

ಮೊದಲು ನಾಲ್ಕು, ಆಮೇಲೆ ಎಂಟು

ಹಣ ಒಮ್ಮೆಗೇ ಇರಲಿಲ್ಲ. ಅರ್ಧ ಫ್ಯಾನುಗಳನ್ನು ಇಡೀ ಪಾಲಿಹೌಸಿಗೆ ಅಲ್ಲೊಂದು ಇಲ್ಲೊಂದು ಚೆಲ್ಲಿದರೆ ಎಲ್ಲಿಯೂ ಸುತ್ತು ಕೂಡುವುದಿಲ್ಲ, ಅಷ್ಟು ಒಣ ಮೊರಗಳು ಸಿಗುತ್ತವೆ ಅಷ್ಟೆ. ಆದ್ದರಿಂದ ಹಾನಿ ಹೆಚ್ಚಿದ್ದ ನಾಲ್ಕು ಮತ್ತು ಐದನೆಯ ಅಂಕಣಗಳಲ್ಲಿ ತಲಾ ಎರಡರಂತೆ ನಾಲ್ಕು ಫ್ಯಾನು ಹಾಕಿ ಒಂದು ಪೂರ್ಣ ಸುತ್ತು ಮಾಡಿದೆವು. ಉಳಿದ ಮೂರು ಅಂಕಣ ಹೋಲಿಕೆಗೆ ಸಿಕ್ಕವು. ಆ ಚಳಿಗಾಲದಲ್ಲಿ ಹೂವಿನ ಕಟ್ಟುಗಳಿಗೆ ಅಂಕಣದ ಸಂಖ್ಯೆ ಬರೆದು ಮೂರು ದಿನ ಮನೆಯಲ್ಲೇ ಬಕೆಟ್ಟಿನಲ್ಲಿಟ್ಟು ಚುಕ್ಕೆ ಎಣಿಸುವ ಕೆಲಸವನ್ನು ಕಾಲೇಜಿಗೆ ಹೋಗುವ ಮಗಳು ವಹಿಸಿಕೊಂಡಳು. ಅವಳ ನೋಟುಪುಸ್ತಕದಲ್ಲಿ ಎರಡು ಬದಿಯ ವ್ಯತ್ಯಾಸ ಸ್ಪಷ್ಟವಾಗಿತ್ತು, ಆದರೂ ಒಂದು ಋತುವಿನ ಎಣಿಕೆಯಿಂದ ಶೇಕಡಾವಾರು ಅಂಕಿ ಹೇಳಲು ನಾನು ಸಿದ್ಧನಿಲ್ಲ. ಉಳಿದ ಎಂಟು ಫ್ಯಾನು ಕೊಳ್ಳಲು ಮನೆಯವರಿಗೆ ಅಷ್ಟು ಸಾಕಾಯಿತು.

ಹನ್ನೆರಡೂ ಕಟ್ಟಿದ ರಾತ್ರಿ ಮತ್ತೆ ಊದುಬತ್ತಿ ಹಿಡಿದು ಕೂತೆವು. ಮಡಿಯ ಪಕ್ಕದಲ್ಲಿ ಮೂರು ಮೀಟರ್ ಅಂತರಕ್ಕೆ ಎರಡು ಬಿದಿರು ಕಡ್ಡಿ ನೆಟ್ಟು, ಹೊಗೆಯ ಒಂದು ಉಂಡೆ ಈ ಕಡ್ಡಿಯಿಂದ ಆ ಕಡ್ಡಿಗೆ ಹೋಗಲು ಎಷ್ಟು ಸೆಕೆಂಡ್ ಎಂದು ಎಣಿಸಿದರೆ ವೇಗ ಸಿಗುತ್ತದೆ; ಹತ್ತು ಸೆಕೆಂಡಾದರೆ ಸೆಕೆಂಡಿಗೆ 0.3 ಮೀಟರ್. ಉತ್ತರಕ್ಕೆ ಹೋಗುವ ಅಂಕಣಗಳಲ್ಲಿ ಹೆಚ್ಚಾಗಿ ಹತ್ತು-ಹನ್ನೊಂದು ಬಂತು, ಮರಳುವವುಗಳಲ್ಲಿ ಏಳರ ಆಸುಪಾಸು. ಎಲ್ಲ ಕಡೆ ಊದುಬತ್ತಿ ಹಿಡಿಯಲಾಗದೆಂದು ಹಳೆಯ ಕ್ಯಾಸೆಟ್ಟಿನ ಟೇಪನ್ನು ಗೇಣುದ್ದ ತುಂಡುಮಾಡಿ ಕಡ್ಡಿಗಳಿಗೆ ಕಟ್ಟಿದೆವು. ಟಾರ್ಚ್ ಬಿಟ್ಟರೆ ಯಾವುದು ಅಲುಗುತ್ತಿಲ್ಲವೆಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅಲುಗದಿದ್ದದ್ದು ಈಶಾನ್ಯದ ಮೂಲೆ. ಅಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಚೀಲ ಮತ್ತು ಖಾಲಿ ಕ್ರೇಟುಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು, ಐದನೆಯ ಅಂಕಣದಿಂದ ಬಂದ ಗಾಳಿ ಅದಕ್ಕೆ ಬಡಿದು ಮೇಲೆದ್ದು ನೆತ್ತಿಯ ಕಿಂಡಿಯ ದಾರಿ ಹಿಡಿಯುತ್ತಿತ್ತು. ಕ್ರೇಟುಗಳನ್ನು ಹೊರಗೆ ಸಾಗಿಸಿದ ಮೇಲೆ ಟೇಪು ಅಲುಗಿತು. ಮಧ್ಯದ ಅಂಕಣದ ಗಾಳಿ ಹೆಚ್ಚಾಗಿ ಪಶ್ಚಿಮಕ್ಕೇ ತಿರುಗುತ್ತಿತ್ತು. ನಾಲ್ಕನೆಯ ಅಂಕಣದ ಮೊದಲ ಫ್ಯಾನನ್ನು ಅರ್ಧ ಮೀಟರ್ ಪಶ್ಚಿಮಕ್ಕೆ ಸರಿಸಿದಾಗ ಸ್ವಲ್ಪ ಸರಿಹೋಯಿತು, ಪೂರ್ತಿಯಲ್ಲ.

ಹಗಲಿನಲ್ಲಿ ಕರ್ಟನ್ ತೆರೆದಿದ್ದು ಹೊರಗೆ ಗಾಳಿಯಿದ್ದರೆ ಈ ಫ್ಯಾನುಗಳು ನಿಂತಿರುತ್ತವೆ. ಔಷಧಿ ಸಿಂಪಡಿಸುವಾಗಲೂ ನಿಲ್ಲಿಸಿ, ಎಲೆಯ ಮೇಲಿನ ಹನಿ ಒಣಗಿಸಲು ಆಮೇಲೆ ಹಾಕುತ್ತಾರೆ. ಮಾರ್ಚ್-ಏಪ್ರಿಲ್ ಬಿಸಿಲಿಗೆ ಇವು ಒಳಗಿನ ಉಷ್ಣಾಂಶವನ್ನು ಇಳಿಸಿಲ್ಲ, ಇಳಿಸುವ ಭರವಸೆಯನ್ನು ನಾನು ಕೊಟ್ಟೂ ಇರಲಿಲ್ಲ. ಅದಕ್ಕೆ ನೆರಳು ಬಲೆ ಮತ್ತು ತೊಳೆದು ಚೊಕ್ಕಟವಾಗಿಟ್ಟ ಕೀಟದ ಬಲೆಯೇ ಗತಿ, ದೂಳು ತುಂಬಿದ 40 ಮೆಶ್ ಬಲೆ ಅರ್ಧ ಗೋಡೆಗೆ ಸಮ. ಆಗಸ್ಟಿನಲ್ಲಿ ಹೊರಗಿನ ಗಾಳಿಯೇ ನೆನೆದು ನಿಂತ ವಾರದಲ್ಲಿ ಹಗಲು-ರಾತ್ರಿ ಓಡಿಸಿದರೂ ಚುಕ್ಕೆ ಬಂದಿದೆ, ಹಿಂದಿನ ವರ್ಷದಷ್ಟಲ್ಲ. ಕರೆಂಟು ಹೋದ ನಸುಕುಗಳಲ್ಲಿ ಮಾತ್ರ ಏನೂ ಮಾಡಲಾಗಿಲ್ಲ. ಮೂರನೆಯ ಮತ್ತು ನಾಲ್ಕನೆಯ ಅಂಕಣದ ಐದು ಫ್ಯಾನಿಗಾದರೂ, ನಸುಕಿನ ಮೂರು ಗಂಟೆಗೆ ಸಾಲುವಷ್ಟು ಇನ್ವರ್ಟರ್ ಬ್ಯಾಟರಿ ಇಡಬಹುದೇ ಎಂದು ಬೆಳೆಗಾರರು ಕೇಳಿದ್ದಾರೆ. 900 ವ್ಯಾಟ್, ಮೂರು ಗಂಟೆ, ನಷ್ಟವೂ ಸೇರಿ ಮೂರು ಯೂನಿಟ್ಟಿಗೂ ಮೇಲೆ. ಅದರ ಬೆಲೆಯನ್ನು ಕೆಟ್ಟ ಹೂವಿನ ಬೆಲೆಯೊಂದಿಗೆ ಇಟ್ಟು ನೋಡುವ ಲೆಕ್ಕ ಇನ್ನೂ ಮುಗಿದಿಲ್ಲ. ಮಗಳ ನೋಟುಪುಸ್ತಕದಲ್ಲಿ ಈ ಚಳಿಗಾಲದ ಕರೆಂಟು ಹೋದ ರಾತ್ರಿಗಳಿಗೆ ಬೇರೆ ಕಾಲಂ ಹಾಕಿಸಿದ್ದೇನೆ.